ಪಾಸ್‌ಫ್ರೇಸ್ ಕೇಳುವ ಹೊತ್ತಿಗೆ ಕೈಕೊಡುವ ಯುಎಸ್‌ಬಿ ಕೀಬೋರ್ಡ್: ಲಿನಕ್ಸ್‌ನಲ್ಲಿ ಸರಿಮಾಡುವುದು ಹೇಗೆ?

ಹೊಸ ಯುಎಸ್‌ಬಿ ಕೀಬೋರ್ಡ್ ತಂದವರು ಲಿನಕ್ಸ್‌ಗೆ ಅದರ ಡ್ರೈವರ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ಕೂರುತ್ತಾರೆ. ದಯವಿಟ್ಟು ಹುಡುಕಬೇಡಿ. ಡ್ರೈವರ್ ನಿಮ್ಮ ಕರ್ನೆಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬಂದಿದೆ. ಬೇಕಾದ ಹೊತ್ತಿಗೆ ಅದು ಲೋಡ್ ಆಗುತ್ತಿದೆಯಾ ಅನ್ನೋದನ್ನಷ್ಟೇ ನಾವು ನೋಡಿಕೊಳ್ಳಬೇಕು.

ಜನ ಎಡವುವುದು ಅಲ್ಲೇ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ, ಅಂದರೆ ಪಾಸ್‌ಫ್ರೇಸ್ ಎಂಬ ಉದ್ದನೆಯ ಪಾಸ್‌ವರ್ಡಿನಿಂದ ಡಿಸ್ಕಿಗೆ ಬೀಗ ಹಾಕಿದ ಕಂಪ್ಯೂಟರ್ ಆನ್ ಆಗುತ್ತದೆ. ಮೊದಲು ಬರುವ, ಯಾವ ಕರ್ನೆಲ್ ಎಂದು ಆರಿಸುವ ಗ್ರಬ್ ಮೆನುವಿನಲ್ಲಿ ಬಾಣದ ಕೀಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪಾಸ್‌ಫ್ರೇಸ್ ಕೇಳುವ ಪರದೆ ಬಂದ ಕೂಡಲೇ ಒಂದು ಅಕ್ಷರವೂ ಬೀಳುವುದಿಲ್ಲ, ಕ್ಯಾಪ್ಸ್‌ಲಾಕ್ ದೀಪ ಕೂಡ ಹತ್ತುವುದಿಲ್ಲ. ನನ್ನ ಗೆಳೆಯರೊಬ್ಬರು ಕೀಬೋರ್ಡೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದರು. ಅದೂ ಹಾಗೇ ಆಯಿತು. ಕೊನೆಗೆ ಡಿಸ್ಕ್ ಅಳಿಸಿ ಇಡೀ ಸಿಸ್ಟಮ್ಮನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದರು. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ವರ್ಷಗಳ ಫೋಟೋಗಳು ಹೋದವು. ನಿಮಗೆ ಹಾಗಾಗಬಾರದು.

ಕಮಾಂಡುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ.

ಹಂತ 1: ಕೀಬೋರ್ಡನ್ನು ನೇರವಾಗಿ ಕಂಪ್ಯೂಟರಿನ ಪೋರ್ಟಿಗೇ ಚುಚ್ಚಿ. ಹಬ್ ಬೇಡ, ಮಾನಿಟರಿನ ಪೋರ್ಟೂ ಬೇಡ. ಬಿಚ್ಚಿ ಹಾಕುವ ಕೇಬಲ್ ಇದ್ದರೆ ಹುಷಾರು. ಚಾರ್ಜಿಂಗಿಗೆ ಮಾತ್ರ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕೀಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ. ಅಂಥ ಕೇಬಲ್ ಸಿಕ್ಕರೆ ಬೇರೆ ಕೇಬಲ್‌ಗಳ ಜೊತೆ ಸೇರಿಸಿ ಇಡಲೇಬೇಡಿ.

ಹಂತ 2: ಟರ್ಮಿನಲ್ ತೆರೆದು 'ಎಲ್‌ಎಸ್‌ಯುಎಸ್‌ಬಿ -ಟಿ' ಕೊಡಿ. 'ಹ್ಯೂಮನ್ ಇಂಟರ್‌ಫೇಸ್ ಡಿವೈಸ್' ಎಂಬ ಸಾಲಿನಲ್ಲಿ ಡ್ರೈವರ್ ಯುಎಸ್‌ಬಿಹಿಡ್ ಎಂದಿದ್ದರೆ ಕರ್ನೆಲ್ ಕೀಬೋರ್ಡನ್ನು ಹಿಡಿದಿದೆ.

ಹಂತ 3: 'ಸುಡೋ ಇವಿಟೆಸ್ಟ್' ಓಡಿಸಿ, ಪಟ್ಟಿಯಿಂದ ನಿಮ್ಮ ಕೀಬೋರ್ಡ್ ಆರಿಸಿ, 'ಎ' ಕೀ ಒತ್ತಿ. ಒಂದು ಸಾಲಿನಲ್ಲಿ 70004 ಅಂತ ಬರುತ್ತದೆ. ಅದು ಕೀಬೋರ್ಡ್ ಕಳಿಸಿದ ಸಂಖ್ಯೆ. ಅದರ ಕೆಳಗೆ 'ಕೀ_ಎ', ಕೋಡ್ 30, ಬೆಲೆ (ವ್ಯಾಲ್ಯೂ) 1. ಬೆರಳು ಎತ್ತಿದರೆ ಬೆಲೆ 0. ಒತ್ತಿ ಹಿಡಿದರೆ 2. ಇಷ್ಟು ಬಂದರೆ ಡ್ರೈವರ್ ಸರಿಯಿದೆ ಎಂದೇ ಲೆಕ್ಕ. ತಪ್ಪು ಅಕ್ಷರ ಬೀಳುತ್ತಿದ್ದರೆ ಅದು ಲೇಔಟಿನ (ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆಯ) ವಿಷಯ, ಡ್ರೈವರ್ ತಂಟೆಗೆ ಹೋಗಬೇಡಿ.

ಹಂತ 4: ಇನ್ನು ನಿಜವಾದ ಕೆಲಸ. ನಿಧಾನವಾಗಿ ಓದಿ.

ಗ್ರಬ್‌ನಲ್ಲಿ ಕೆಲಸ ಮಾಡಿದ ಕೀಬೋರ್ಡ್ ಮರುಕ್ಷಣ ಸುಮ್ಮನಾಗುವುದು ಯಾಕೆ? ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್. ಕರ್ನೆಲ್ ಎದ್ದ ಕೂಡಲೇ ಫರ್ಮ್‌ವೇರ್ ಕೈಬಿಡುತ್ತದೆ. ಈಗ ಕರ್ನೆಲ್‌ಗೆ ತನ್ನದೇ ಡ್ರೈವರ್ ಬೇಕು. ಆದರೆ ಡ್ರೈವರುಗಳಿರುವ ಡಿಸ್ಕಿಗೇ ಬೀಗ ಬಿದ್ದಿದೆ. ಬೀಗ ತೆಗೆಯಲು ಕೀಬೋರ್ಡ್ ಬೇಕು. ಅದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟೊಂದನ್ನು ಗ್ರಬ್ ಕರ್ನೆಲ್ ಜೊತೆಗೇ ಮೆಮೊರಿಗೆ ಹೊತ್ತು ತರುತ್ತದೆ. ನಮ್ಮ ಡ್ರೈವರ್ ಆ ಗಂಟಿನೊಳಗೆ ಇರಬೇಕು.

ಡೆಬಿಯನ್ ಅಥವಾ 25.10ಕ್ಕಿಂತ ಹಿಂದಿನ ಉಬುಂಟು ಬಳಸುವವರು ಇಟಿಸಿ ಒಳಗಿನ 'ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್' ಫೋಲ್ಡರಿಗೆ ಹೋಗಿ. ಅಲ್ಲಿ 'ಮಾಡ್ಯೂಲ್ಸ್' ಎಂಬ ಫೈಲಿದೆ. ಅದರ ಕೊನೆಗೆ ಸಾಲಿಗೊಂದರಂತೆ ಮೂರು ಹೆಸರು ಸೇರಿಸಿ: ಎಕ್ಸ್‌ಎಚ್‌ಸಿಐ_ಪಿಸಿಐ, ಯುಎಸ್‌ಬಿಹಿಡ್, ಹಿಡ್_ಜೆನೆರಿಕ್. ಜಾಸ್ತಿ ಜನ ಯುಎಸ್‌ಬಿಹಿಡ್ ಒಂದನ್ನೇ ಹಾಕಿ ಎದ್ದುಬಿಡುತ್ತಾರೆ. ಮೊದಲನೆಯದು ಯುಎಸ್‌ಬಿ ಪೋರ್ಟುಗಳನ್ನೇ ನಡೆಸುವ ಡ್ರೈವರ್. ಪೋರ್ಟ್ ಎಚ್ಚರವಾಗದಿದ್ದರೆ ಅದರಲ್ಲಿರುವ ಕೀಬೋರ್ಡ್ ಕಾಣುವುದಾದರೂ ಹೇಗೆ, ಅಲ್ವಾ? ವೈರ್‌ಲೆಸ್ ರಿಸೀವರ್ ಬಳಸುವವರಿಗೆ ಇನ್ನೊಂದು ಮಾಡ್ಯೂಲ್ (ಇಂಥ ಡ್ರೈವರ್ ಫೈಲ್) ಬೇಕಾಗಬಹುದು. ಹಿಡ್_ಲಾಜಿಟೆಕ್_ಡಿಜೆ ಅಂಥದ್ದು. ಪಾಸ್‌ಫ್ರೇಸ್ ಹೊಡೆಯಲು ತಂತಿಯಿರುವ ಕೀಬೋರ್ಡೇ ಇರಲಿ ಎಂಬುದು ನನ್ನ ಗಟ್ಟಿ ಸಲಹೆ.

ಈಗ 'ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು'. ಇದು ಹೊಸ ಕರ್ನೆಲ್‌ನ ಗಂಟನ್ನು ಮಾತ್ರ ಕಟ್ಟುತ್ತದೆ. ಕೆಲವರು ಇದಕ್ಕೆ '-ಕೆ ಆಲ್' ಸೇರಿಸಿ ಎಲ್ಲಾ ಕರ್ನೆಲ್‌ಗಳದ್ದನ್ನೂ ಒಂದೇ ಏಟಿಗೆ ಕಟ್ಟಲು ಹೇಳುತ್ತಾರೆ. ಮೊದಲ ಸಲಕ್ಕೆ ಅದನ್ನು ಮಾಡಬೇಡಿ. ಏನಾದರೂ ಎಡವಟ್ಟಾದರೆ ಗ್ರಬ್‌ನಲ್ಲಿ ಹಳೆಯ ಕರ್ನೆಲ್ ಆರಿಸಿ ವಾಪಸ್ ಬರಲು ದಾರಿ ಇರಲಿ.

ರೀಬೂಟ್ ಮಾಡುವ ಮುಂಚೆ ಗಂಟು ಬಿಚ್ಚಿ ನೋಡಿ. 'ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್' ಕಮಾಂಡಿಗೆ ಬೂಟ್ ಫೋಲ್ಡರಿನಲ್ಲಿರುವ ಆ ಕರ್ನೆಲ್‌ನ ಇನಿಟ್‌ಆರ್‌ಡಿ ಫೈಲ್ ಕೊಟ್ಟರೆ ಒಳಗಿನ ಪಟ್ಟಿ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ನೀವು ಬರೆದದ್ದು ಹಿಡ್_ಜೆನೆರಿಕ್, ಅಡಿಗೆರೆಯೊಂದಿಗೆ. ಪಟ್ಟಿಯಲ್ಲಿ ಫೈಲಿನ ಹೆಸರು ಹಿಡ್-ಜೆನೆರಿಕ್, ನಡುವೆ ಹೈಫನ್. ಅಡಿಗೆರೆ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ, ಕೆಲಸ ಕೆಟ್ಟಿತು ಎಂದು ಗಾಬರಿ ಬೀಳುತ್ತೀರಿ. ಬರೀ 'ಹಿಡ್' ಎಂದು ಒಮ್ಮೆ, 'ಎಕ್ಸ್‌ಎಚ್‌ಸಿಐ' ಎಂದು ಒಮ್ಮೆ ಹುಡುಕಿ. ಆಗಲೂ ಸಿಗದಿದ್ದರೆ, ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ನಿಮ್ಮ ಕರ್ನೆಲ್ ಹೆಸರಿನಡಿ 'ಮಾಡ್ಯೂಲ್ಸ್ ಡಾಟ್ ಬಿಲ್ಟ್‌ಇನ್' ಫೈಲ್ ನೋಡಿ. ಅಲ್ಲಿ ಹೆಸರಿದ್ದರೆ ಡ್ರೈವರ್ ಕರ್ನೆಲ್‌ನೊಳಗೇ ಸೇರಿಕೊಂಡಿದೆ, ಚಿಂತೆ ಬೇಡ.

ಆರ್ಚ್ ಲಿನಕ್ಸ್ ಬಳಸುವವರು 'ಎಂಕೆಇನಿಟ್‌ಸಿಪಿಐಒ' ಕಾನ್ಫಿಗ್ ಫೈಲಿನ ಹುಕ್ಸ್ ಸಾಲು ನೋಡಿ. 'ಕೀಬೋರ್ಡ್' ಎಂಬ ಪದ 'ಆಟೋಡಿಟೆಕ್ಟ್'ಗಿಂತ ಮೊದಲು ಬರಬೇಕು. ಹಿಂದೆ ಬಿದ್ದರೆ, ಗಂಟು ಕಟ್ಟುವಾಗ ಚುಚ್ಚಿದ್ದ ಕೀಬೋರ್ಡಿಗೆ ಬೇಕಾದದ್ದು ಮಾತ್ರ ಒಳಗೆ ಹೋಗುತ್ತದೆ. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲೇ ಎಲ್ಲಾ ಮಾಡಿ, ಆಮೇಲೆ ಹೊರಗಿನದನ್ನು ಚುಚ್ಚಿದವರು ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ತಿದ್ದಿದ ಮೇಲೆ 'ಸುಡೋ ಎಂಕೆಇನಿಟ್‌ಸಿಪಿಐಒ -ಪಿ' ಕೊಡಿ. ಇಲ್ಲಿ 'ಪಿ' ಮಾತ್ರ ದೊಡ್ಡಕ್ಷರ.

ಲಿನಕ್ಸ್ ಅಲ್ಲದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯಲ್ಲಿ ಇಷ್ಟು ತಾಪತ್ರಯ ಇಲ್ಲ. ಅದರ ಜೆನೆರಿಕ್ ಕರ್ನೆಲ್‌ನಲ್ಲೇ ಯುಕೆಬಿಡಿ ಎಂಬ ಕೀಬೋರ್ಡ್ ಡ್ರೈವರ್ ಇದೆ.

ಹಂತ 5: ಎಫ್1, ಎಫ್2 ಒತ್ತಿದರೆ ಬೆಳಕು, ಶಬ್ದ ಬದಲಾಗುತ್ತಿದೆಯಾ? ಬೇರೆ ಕಂಪನಿಗಳ ಕೆಲವು ಮೆಕ್ಯಾನಿಕಲ್ ಕೀಬೋರ್ಡುಗಳು ಆ್ಯಪಲ್‌ನ ಗುರುತಿನ ಸಂಖ್ಯೆ 05ಎಸಿಯನ್ನೇ ಹೇಳಿಕೊಳ್ಳುತ್ತವೆ. ಹಾಗಾಗಿ ಕರ್ನೆಲ್ ಅವನ್ನು ಹಿಡ್_ಆ್ಯಪಲ್ ಡ್ರೈವರಿಗೆ ಒಪ್ಪಿಸುತ್ತದೆ. ಇಟಿಸಿಯ 'ಮಾಡ್‌ಪ್ರೋಬ್ ಡಾಟ್ ಡಿ' ಫೋಲ್ಡರಿನಲ್ಲಿ 'ಡಾಟ್ ಕಾನ್ಫ್' ಎಂದು ಕೊನೆಯಾಗುವ ಹೊಸ ಫೈಲ್ ಮಾಡಿ, ಅದರಲ್ಲಿ 'ಆಪ್ಷನ್ಸ್ ಹಿಡ್_ಆ್ಯಪಲ್ ಎಫ್‌ಎನ್‌ಮೋಡ್=2' ಎಂದು ಬರೆಯಿರಿ. ಬರೆದು ರೀಬೂಟ್ ಮಾಡಿ, 'ಏನೂ ಬದಲಾಗಲಿಲ್ಲ' ಅನ್ನುವವರೇ ಹೆಚ್ಚು. ಆ ಡ್ರೈವರ್ ಗಂಟಿನೊಳಗಿಂದಲೇ ಲೋಡ್ ಆಗಿದ್ದರೆ ಡಿಸ್ಕಿನಲ್ಲಿ ನೀವು ಬರೆದದ್ದನ್ನು ನೋಡಿರುವುದೇ ಇಲ್ಲ. ಗಂಟನ್ನು ಮತ್ತೆ ಕಟ್ಟಿ.

ಹಂತ 6: ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ. ಬೇರೆ ಕೀಬೋರ್ಡ್ ಇದ್ದರೆ ಕಿತ್ತು ಪಕ್ಕಕ್ಕಿಡಿ, ಎಸೆಯಬೇಡಿ. ಆನ್ ಮಾಡಿ. ಪಾಸ್‌ಫ್ರೇಸ್ ಪರದೆಯಲ್ಲಿ ಮೊದಲು ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ದೀಪ ಹತ್ತಿದರೆ ಡ್ರೈವರ್ ಬಂದಿದೆ. ಆರಿಸಿ, ಪಾಸ್‌ಫ್ರೇಸ್ ಹೊಡೆಯಿರಿ. ಮುಂದೆ ಕರ್ನೆಲ್ ಅಪ್‌ಡೇಟ್ ಆದಾಗ ಇದನ್ನೆಲ್ಲ ಮತ್ತೆ ಮಾಡಬೇಕಿಲ್ಲ. ನೀವು ಬರೆದ ಸಾಲುಗಳು ಅಲ್ಲೇ ಇರುತ್ತವೆ, ಪ್ರತಿ ಹೊಸ ಗಂಟಿಗೂ ತಾವಾಗಿಯೇ ಸೇರುತ್ತವೆ.