ಟ್ರೇಲರ್ ಲೈಟಿನ ವೈರಿಂಗ್: ಬಲ್ಬ್ ಬಿಡಿ, ಅರ್ತಿಂಗ್ ನೋಡಿ

ಎಡಗಡೆ ಇಂಡಿಕೇಟರ್ ಹಾಕಿದರೆ ಬಲಗಡೆ ಲೈಟೂ ಮಂಕಾಗಿ ಮಿಣುಕುತ್ತದೆ. ಬ್ರೇಕ್ ತುಳಿದರೆ ಉರಿಯುತ್ತಿದ್ದ ಲೈಟೂ ಹೋಗುತ್ತದೆ. ಆಗ ಎಲ್ಲರೂ ಬಲ್ಬ್ ಬದಲಾಯಿಸುತ್ತಾ ಕೂರುತ್ತಾರೆ. ಬಲ್ಬಿನದೇನೂ ತಪ್ಪಿಲ್ಲ, ಬಹುಪಾಲು ಸಲ ಎಡವಟ್ಟಾಗಿರುವುದು ಅರ್ತಿಂಗಿನಲ್ಲಿ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ.

ಮೊದಲು ಟೆಸ್ಟ್ ಲ್ಯಾಂಪ್ (ವೈರಿನಲ್ಲಿ ಕರೆಂಟ್ ಇದ್ದರೆ ಉರಿಯುವ ಪುಟ್ಟ ದೀಪ) ಹಿಡಿದು ಟ್ರೇಲರ್ ಎಳೆಯುವ ಗಾಡಿಯ ಯಾವ ವೈರ್ ಯಾವುದಕ್ಕೆ ಅಂತ ಗುರುತು ಮಾಡಿ. ನಾಲ್ಕು ವೈರಿನ ಚಪ್ಪಟೆ ಪ್ಲಗ್ ಆದರೆ ಸಾಮಾನ್ಯವಾಗಿ ಬಿಳಿ ಅರ್ತ್, ಕಂದು ಹಿಂದಿನ ಲೈಟ್, ಹಳದಿ ಎಡ, ಹಸಿರು ಬಲ. ಬಣ್ಣವನ್ನೇ ನಂಬಬೇಡಿ, ನಿಮಗಿಂತ ಮುಂಚೆ ಯಾರು ಕೈ ಹಾಕಿದ್ದರೋ! ಈ ಪ್ಲಗ್‌ನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ವೈರ್. ನಿಮ್ಮ ಗಾಡಿಯಲ್ಲಿ ಅವೆರಡೂ ಬೇರೆಬೇರೆ ಇದ್ದರೆ ಮಧ್ಯೆ ಎರಡನ್ನೂ ಒಂದೇ ವೈರಿಗೆ ಹೊಂದಿಸುವ ಕನ್ವರ್ಟರ್ ಬೇಕೇ ಬೇಕು. ಸುಮ್ನೆ ಎರಡನ್ನೂ ಸೇರಿಸಿ ತಿರುಚಬೇಡಿ. ಹೊಸ ಕಾರಾದರೆ ಬ್ಯಾಟರಿಯಿಂದಲೇ ಫ್ಯೂಸ್ ಮೂಲಕ ಕರೆಂಟ್ ತೆಗೆದುಕೊಳ್ಳುವ ಕನ್ವರ್ಟರ್ ಮಾಡ್ಯೂಲ್ ಹಾಕಿಸಿ.

ಗುರುತಾಯಿತಾ? ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.

ಈಗ ಅರ್ತಿಂಗ್. ಟ್ರೇಲರ್ ಸಿಕ್ಕಿಸುವ ಕೊಂಡಿಯ ಗುಂಡೇ ಅರ್ತ್ ಕೊಡುತ್ತೆ ಅಂತ ಬಿಟ್ಟುಬಿಡುವವರಿದ್ದಾರೆ. ಆ ಗುಂಡಿನ ಮೇಲೆ ಗ್ರೀಸು, ತುಕ್ಕು; ಗಾಡಿ ಕುಲುಕಿದಾಗೆಲ್ಲ ಸಂಪರ್ಕ ತಪ್ಪುತ್ತದೆ. ಬಿಳಿ ವೈರನ್ನು ಗಾಡಿ, ಟ್ರೇಲರ್ ಎರಡೂ ಕಡೆ ಚಾಸಿಗೇ (ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಕಟ್ಟಬೇಕು. ಜಾಗ ಆರಿಸಿ, ಪೇಂಟನ್ನು ಎಮರಿ ಪೇಪರಿನಿಂದ ಕಬ್ಬಿಣ ಫಳಫಳ ಅನ್ನುವವರೆಗೂ ಉಜ್ಜಿ. ವೈರಿನ ತುದಿಗೆ ರಿಂಗ್ ಲಗ್ (ಬೋಲ್ಟ್ ತೂರುವ ಲೋಹದ ಉಂಗುರ) ಒತ್ತಿ, ಹಲ್ಲಿರುವ ವಾಷರ್ ಇಟ್ಟು ಬೋಲ್ಟ್ ಬಿಗಿ ಮಾಡಿ. ಅದರ ಮೇಲೆ ಗ್ರೀಸ್ ಸವರಿ. ಪೇಂಟಿನ ಮೇಲೆ ಸ್ಕ್ರೂ ಹೊಡೆದರೆ ಇವತ್ತು ಉರಿಯುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಡುತ್ತದೆ.

ಉಳಿದ ವೈರುಗಳನ್ನು ಜೋಡಿಸುವುದು ಸುಲಭ. ಆದರೆ ಇಕ್ಕಳದಲ್ಲಿ ಚಕ್ ಅಂತ ಒತ್ತುವ ಆ ಪ್ಲಾಸ್ಟಿಕ್ ಕ್ಲಿಪ್ ಮಾತ್ರ ಬೇಡ. ಅದು ಒಳಗಿನ ತಂತಿಯ ಎಳೆಗಳನ್ನೇ ಕತ್ತರಿಸುತ್ತದೆ, ನೀರೂ ಒಳಗೆ ಹೋಗುತ್ತದೆ. ಜೋಡಣೆಯ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ, ಒಳಗಡೆ ಅಂಟು ಸವರಿರುವ ಹೀಟ್ ಶ್ರಿಂಕ್ ಟ್ಯೂಬೇ ಸರಿ. ಬರೀ ಇನ್ಸುಲೇಷನ್ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೊಂಡಿಯ ಹತ್ತಿರ ವೈರ್ ಸ್ವಲ್ಪ ಸಡಿಲ ಇರಲಿ, ತಿರುವಿನಲ್ಲಿ ಎಳೆಯಬಾರದು, ನೆಲಕ್ಕೂ ತಾಗಬಾರದು.

ಬ್ಯಾಟರಿ ಮತ್ತೆ ಹಾಕಿ, ಒಂದೊಂದೇ ಲೈಟ್ ನೋಡಿ. ಅಷ್ಟಕ್ಕೇ ಪ್ಲಗ್ ಮುಚ್ಚಬೇಡಿ. ಹಿಂದಿನ ಲೈಟ್, ಇಂಡಿಕೇಟರ್, ಬ್ರೇಕ್ ಮೂರನ್ನೂ ಒಟ್ಟಿಗೆ ಹಾಕಿ. ಸೋತ ಅರ್ತಿಂಗ್ ಗೊತ್ತಾಗುವುದೇ ಆಗ. ಮಂಕಾದರೆ ಬ್ಯಾಟರಿಯ ನೆಗೆಟಿವ್‌ನಿಂದ ಟ್ರೇಲರ್ ಚಾಸಿಗೆ ಒಂದು ಉದ್ದ ವೈರ್ ತಾಗಿಸಿ. ತಕ್ಷಣ ಬೆಳಕು ಬಂತಾ? ಬಿಳಿ ವೈರಿನ ಬೋಲ್ಟ್ ಬಿಚ್ಚಿ, ಇನ್ನೊಮ್ಮೆ ಉಜ್ಜಿ.