ಫಿಲಿಪೈನ್ಸ್‌ನ ಪ್ರಾದೇಶಿಕ ಸಾಹಿತ್ಯ ಓದ್ಬೇಕಾ? ಎಲ್ಲಿಂದ, ಹೇಗೆ ಶುರು ಮಾಡೋದು

ದುಬೈನಲ್ಲಿ ನಾನು ಕೆಲಸ ಮಾಡ್ತಿದ್ದಾಗ ನಮ್ಮ ಟೀಮಲ್ಲಿ ಫಿಲಿಪೈನ್ಸ್‌ನವರು ಇಬ್ರಿದ್ರು, ಒಬ್ರು ಮನಿಲಾ ಹತ್ತಿರದವರು, ಇನ್ನೊಬ್ರು ಸೆಬು ದ್ವೀಪದವರು. ಒಂದಿನ ಊಟದ ಟೈಮಲ್ಲಿ ಸೆಬುವಿನವರು ಕಿಟಕಿ ಕಡೆ ಕೈ ತೋರಿಸಿ "ಲಂಗ್ಗಮ್" ಅಂದ್ರು, ಮನಿಲಾದವರು ತಕ್ಷಣ ಊಟದ ಡಬ್ಬಿ ಎತ್ತಿ ಅದರ ಕೆಳಗೆ ನೋಡಿದ್ರು. ಸೆಬುವಾನೊ ಭಾಷೇಲಿ ಲಂಗ್ಗಮ್ ಅಂದ್ರೆ ಹಕ್ಕಿ, ಮನಿಲಾ ಕಡೆಯ ತಗಾಲೊಗ್‌ನಲ್ಲಿ ಅದೇ ಪದ ಇರುವೆ! ಒಂದೇ ದೇಶ, ಒಂದೇ ಟೇಬಲ್ಲು, ಒಬ್ರಿಗೆ ಹಾರೋದು ಇನ್ನೊಬ್ರಿಗೆ ಹರಿಯೋದು. ನಾನು ಅವತ್ತಿನವರೆಗೂ "ಫಿಲಿಪಿನೊ ಸಾಹಿತ್ಯ" ಅಂತ ಒಂದು ಇದೆ, ಅದನ್ನ ಓದಿದ್ರೆ ಆಯ್ತು ಅಂದ್ಕೊಂಡಿದ್ದೆ, ಹಾಗಲ್ಲ ಅಂತ ಅವತ್ತು ಗೊತ್ತಾಯ್ತು. 7,641 ದ್ವೀಪ, 180ರ ಆಸುಪಾಸು ಭಾಷೆಗಳು ಇರೋ ದೇಶ ಅದು. ಆಮೇಲೆ ಕೆಲವು ವರ್ಷ ಓದ್ತಾ ಓದ್ತಾ ನನಗೆ ಸರಿಹೋದ ದಾರಿ ಇಲ್ಲಿ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗಬಹುದು.

ಮೊದಲನೇದು, ದೇಶ ಹಿಡ್ಕೊಂಡು ಓದಬೇಡಿ, ಒಂದು ಸೀಮೆ ಹಿಡ್ಕೊಳ್ಳಿ. ಎಲ್ರೂ ಆ ದೇಶದ ರಾಷ್ಟ್ರವೀರ, ಲೇಖಕ ಹೊಸೆ ರಿಸಾಲ್‌ರ 1887 ಮತ್ತು 1891ರ ಎರಡು ಕಾದಂಬರಿಗಳಿಂದ ಶುರು ಮಾಡಿ ಅಂತಾರೆ. ದೊಡ್ಡ ಕೃತಿಗಳೇ, ಓದಲೇಬೇಕು, ಆದ್ರೆ ಅವು ಬರೆದಿದ್ದು ಸ್ಪ್ಯಾನಿಷ್‌ನಲ್ಲಿ, ಅವನ್ನ ಆಮೇಲೆ ಓದಿದ್ರೂ ನಡೆಯುತ್ತೆ. ಸೀಮೆ ಆರಿಸ್ಕೊಳ್ಳೋದು ಹೇಗೆ ಅಂದ್ರೆ, ನಿಮಗೆ ಗೊತ್ತಿರೋ ಫಿಲಿಪೈನ್ಸ್‌ನವರು ಯಾರಾದ್ರೂ ಇದ್ರೆ (ಗಲ್ಫಲ್ಲಿರೋ ನಮ್ಮವರಿಗೆ, ಅಲ್ಲಿ ಮೆಡಿಕಲ್ ಓದೋಕೆ ಹೋಗಿರೋ ಹುಡುಗ್ರಿಗೆ ಇದೇನು ಕಷ್ಟ ಅಲ್ಲ) ನಿಮ್ಮೂರು ಯಾವುದು, ಮನೇಲಿ ಅಮ್ಮನ ಜೊತೆ ಯಾವ ಭಾಷೆ ಮಾತಾಡ್ತೀರಿ ಅಂತ ಕೇಳಿ. ಈ ಪ್ರಶ್ನೆ ಅವರಿಗೆ ಯಾರೂ ಕೇಳಿರಲ್ಲ, ಮುಖ ಅರಳುತ್ತೆ. ಅವರು ಇಲೊಕಾನೊ ಅಂದ್ರೋ, ಬಿಕೋಲ್ ಅಂದ್ರೋ, ಹಿಲಿಗೈನೊನ್ ಅಂದ್ರೋ, ನಿಮ್ಮ ಸೀಮೆ ಅದು.

ನನಗೆ ಸಿಕ್ಕಿದ್ದು ಇಲೊಕೊಸ್, ಲೂಸೋನ್ ದ್ವೀಪದ ವಾಯವ್ಯ ಮೂಲೆ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಬೆಟ್ಟ, ನಡುವೆ ಇಷ್ಟಗಲ ನೆಲ. ಅಲ್ಲಿಂದ ಶುರು ಮಾಡೋದಾದ್ರೆ ಲಾಮ್-ಆಂಗ್‌ನ ಕಥೆ ಓದಿ. ಹುಟ್ಟಿದ ತಕ್ಷಣ ಮಾತಾಡಿ ತನ್ನ ಹೆಸರು ತಾನೇ ಇಟ್ಕೊಂಡ ಹುಡುಗ ಇವನು, ಬೆಟ್ಟದವರ ಮೇಲೆ ಯುದ್ಧಕ್ಕೆ ಹೋದ ಅಪ್ಪನನ್ನ ಹುಡ್ಕೊಂಡು ಹೋಗ್ತಾನೆ, ಯುದ್ಧ ಮುಗಿಸಿ ಬಂದು ಅಂಬುರಾಯನ್ ನದೀಲಿ ಸ್ನಾನ ಮಾಡಿದ್ರೆ ಆ ಮೈ ಕೊಳೆಗೆ ನದಿಯ ಮೀನೆಲ್ಲ ಸಾಯ್ತವೆ. ಹೆಣ್ಣು ನೋಡೋಕೆ ಹೋಗುವಾಗ ಜೊತೇಲಿ ಒಂದು ಹುಂಜ, ಒಂದು ನಾಯಿ. ಹುಂಜ ಕೂಗಿದ್ರೆ ಮನೆ ಬೀಳುತ್ತೆ, ನಾಯಿ ಗುರ್ ಅಂದ್ರೆ ಬಿದ್ದ ಮನೆ ಎದ್ದು ನಿಲ್ಲುತ್ತೆ. ಇಷ್ಟನ್ನೇ ಓದಿ ಬಿಟ್ರೆ ಅಡಗೂಲಜ್ಜಿ ಕಥೆ ತರ ಅನ್ಸುತ್ತೆ. ಆದ್ರೆ ಮದುವೆ ಆದ್ಮೇಲೆ ಏನಾಗುತ್ತೆ ನೋಡಿ, ಊರ ಯಜಮಾನ ಬಂದು ಸಮುದ್ರಕ್ಕಿಳಿದು ರಾರಾಂಗ್ ಅನ್ನೋ ಚಿಪ್ಪುಜೀವಿ ಹಿಡಿಯೋ ಸರದಿ ಈಗ ನಿಂದು ಅಂತಾನೆ. ಇಷ್ಟು ದೊಡ್ಡ ವೀರನಿಗೂ ಊರಿನ ಸರದಿ ತಪ್ಪಲ್ಲ! ಅಲ್ಲೇ ಬೆರ್ಕಾಕನ್ ಅನ್ನೋ ದೊಡ್ಡ ಮೀನು ಅವನನ್ನ ನುಂಗುತ್ತೆ, ಆಮೇಲೆ ಮೂಳೆಗಳನ್ನ ಆಯ್ದು ತಂದು, ಹೆಂಡತಿ ತನ್ನ ಬಟ್ಟೆ ಹೊದಿಸಿ, ಹುಂಜ ನಾಯಿ ಎರಡೂ ಕೂಗಿ ಅವನನ್ನ ಎಬ್ಬಿಸ್ತವೆ. ಸಮುದ್ರದ ಪಕ್ಕ ಬದುಕೋ ಜನ ಕಟ್ಟಿದ ಕಥೆ ಅಂತ ನನಗೆ ಆ ಸರದಿ ಮಾತಿಂದಲೇ ಮನಸ್ಸಿಗೆ ಬಂತು. ಹಾಗಾಗಿ ಓದುವಾಗ ಇಂಥ ಸಣ್ಣ ವಿಷಯಗಳ ಕೆಳಗೆ ಗೆರೆ ಎಳೀರಿ: ಯಾವ ನದಿ, ಯಾವ ಮೀನು, ಯಾರ ಸರದಿ.

ಈ ಕಥೆನ 1890ರ ಹೊತ್ತಿಗೆ ಅಚ್ಚು ಹಾಕಿಸಿದವರು ಇಸಾಬೆಲೊ ದೆ ಲೊಸ್ ರೇಯೆಸ್. ಅವರ ತಾಯಿ ಲಿಯೋನಾ ಫ್ಲೊರೆಂತಿನೊ (1849–1884) ವಿಗಾನ್ ಊರಿನ ಕವಿ, ಸ್ಪ್ಯಾನಿಷ್ ಇಲೊಕಾನೊ ಎರಡರಲ್ಲೂ ಬರೀತಿದ್ರು, ಪರಿಚಯದವರ ಹುಟ್ಟುಹಬ್ಬಕ್ಕೆ ಹಾರೈಸೋ ಪದ್ಯ ಕೂಡ ಬರೆದವರು. ಅವರ ಬಗ್ಗೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು ಅನ್ನೋ ಆಸೆ ನನಗೆ.

ಎರಡನೇದು, ಯಾವುದೇ ಪದ್ಯ ಸಿಕ್ಕಿದ್ರೂ ಇದನ್ನ ಯಾವಾಗ ಹಾಡ್ತಿದ್ರು, ಯಾರು ಹಾಡ್ತಿದ್ರು ಅಂತ ಮೊದಲು ಹುಡುಕಿ, ಅರ್ಥ ಆಮೇಲೆ. ಇಫುಗಾವ್ ಜನರ ಹುಡ್‌ಹುಡ್ ತಗೊಳ್ಳಿ. ಮೆಟ್ಟಿಲು ಗದ್ದೆಗಳ ಬೆಟ್ಟದ ಹಾಡು ಅದು, ಬಿತ್ತನೆ ಟೈಮಲ್ಲಿ, ಕುಯ್ಲಿನ ಟೈಮಲ್ಲಿ, ಸತ್ತವರ ಮನೇಲಿ ರಾತ್ರಿ ಕಾಯುವಾಗ ಹಾಡೋದು, ಹೆಚ್ಚಾಗಿ ವಯಸ್ಸಾದ ಹೆಂಗಸರೇ ಮುಂದೆ ನಿಂತು ಹೇಳ್ತಾರೆ, ಉಳಿದವರು ದನಿಗೂಡಿಸ್ತಾರೆ. 200ಕ್ಕೂ ಹೆಚ್ಚು ಹಾಡುಗಳು, ಒಂದೊಂದಕ್ಕೂ 40 ಭಾಗ, ಪೂರ್ತಿ ಹಾಡೋಕೆ ದಿನಗಟ್ಟಲೆ ಬೇಕು. ಯುನೆಸ್ಕೊ 2001ರಲ್ಲೇ ಇದನ್ನ ಗುರುತಿಸಿದೆ. ಪುಸ್ತಕದಲ್ಲಿ ಓದಿದ್ರೆ ಅದೇ ಸಾಲು ಅದೇ ಹೆಸರು ಮತ್ತೆ ಮತ್ತೆ ಬಂದು ಬೇಜಾರಾಗುತ್ತೆ, ನನಗೂ ಮೊದಲು ಹಾಗೇ ಆಯ್ತು. ಆಮೇಲೆ ರೆಕಾರ್ಡಿಂಗ್ ಕೇಳ್ತಾ ಓದಿದೆ, ನಾಟಿ ಹಾಡಲ್ಲಿ ಸೊಲ್ಲು ತಿರುಗಿ ತಿರುಗಿ ಬರೋದು ಕೆಲಸದ ಕೈಗೆ ಅಂತ ನಮಗೆ ಗೊತ್ತಲ್ವಾ, ಅಲ್ಲೂ ಹಾಗೇನೇ. ಕಥೇಲಿ ಅಲಿಗುಯೋನ್ ಮತ್ತು ಪುಂಬಖಾಯೋನ್ ಅನ್ನೋ ಇಬ್ರು ವೀರರು ವರ್ಷಗಟ್ಟಲೆ ಕಾದಾಡ್ತಾರೆ, ಯಾರೂ ಸೋಲಲ್ಲ, ಕೊನೆಗೆ ರಾಜಿ ಆಗಿ ಒಬ್ಬರ ತಂಗೀನ ಇನ್ನೊಬ್ರು ಮದುವೆ ಆಗ್ತಾರೆ.

ಕನ್ನಡದವರಿಗೆ ಇನ್ನೂ ಸುಲಭದ ಬಾಗಿಲು ಒಂದಿದೆ, ಅದು ಮಿಂಡನಾವ್ ದ್ವೀಪದ ಲಾನಾವ್ ಸರೋವರದ ಸುತ್ತ ಇರೋ ಮರನಾವ್ ಜನರ ಸಾಹಿತ್ಯ. ಇವರು ಮುಸ್ಲಿಮರು, ಇವರ ಹತ್ರ ರಾಮಾಯಣದ ಕಥೆ ಇದೆ! ಹೆಸರು ಮಹರಾದಿಯಾ ಲವನ, ಅಂದ್ರೆ ನಮ್ಮ ರಾವಣ. 1960ರ ದಶಕದ ಕೊನೇಲಿ ಹುವಾನ್ ಫ್ರಾನ್ಸಿಸ್ಕೊ ಅನ್ನೋ ವಿದ್ವಾಂಸರು ಇದನ್ನ ಸಂಗ್ರಹಿಸಿ ಹೊರಗೆ ತಂದ್ರು. ಇದರಲ್ಲಿ ರಾಜಕುಮಾರ ಬಿಲ್ಲು ಮುರಿಯಲ್ಲ, ಸಿಪಾ ಆಟದಲ್ಲಿ ಗೆಲ್ತಾನೆ, ಬೆತ್ತದ ಚೆಂಡನ್ನ ಕಾಲಿಂದ ಒದ್ದು ರಾಜಕುಮಾರಿ ಇರೋ ಕೋಣೆಗೆ ಬೀಳಿಸೋದು. ಅಲ್ಲಿನ ಜನ ಆಡೋ ಆಟ ಅದು. ಇನ್ನೊಂದು, ಲಕ್ಷಮಣ ಅನ್ನೋ ಹೆಸರು ಅಲ್ಲಿ ತಮ್ಮನಿಗಲ್ಲ, ಕೋತಿಗೆ. ನಮಗೆ ಗೊತ್ತಿರೋ ಕಥೆ ಜೊತೆ ಇಟ್ಟು ಓದಿ, ಎಲ್ಲೆಲ್ಲಿ ಬೇರೆ ಆಗುತ್ತೋ ಅಲ್ಲೆಲ್ಲ ಮರನಾವ್ ಬದುಕು ಕಾಣುತ್ತೆ. ಇದು ಹಿಡಿಸಿದ್ರೆ ಇದೇ ಮರನಾವ್ ಜನರ ದರಂಗೆನ್ ಕಡೆ ಹೋಗಿ, 17 ಭಾಗ, 72,000 ಸಾಲಿನ ಮಹಾಕಾವ್ಯ, ಮದುವೆ ಮನೆಗಳಲ್ಲಿ ರಾತ್ರಿ ರಾತ್ರಿ ಹಾಡ್ತಾ ಬಂದಿದ್ದು, ಪೂರ್ತಿ ಓದಬೇಕು ಅಂತ ಹಟ ಬೇಡ, ಒಂದು ಪ್ರಸಂಗ ಸಾಕು.

ಲಿಪಿ ಬಗ್ಗೆ ಆಸಕ್ತಿ ಇರೋರು ಮಿಂದೊರೊ ದ್ವೀಪದ ಹನುನುಒ ಮಾಂಗ್ಯಾನ್ ಜನರ ಅಂಬಾಹನ್ ಪದ್ಯಗಳನ್ನ ನೋಡಲೇಬೇಕು. ಸಾಲಿಗೆ ಏಳು ಅಕ್ಷರ, ಬಿದಿರಿನ ಮೇಲೆ ಚಾಕು ತುದೀಲಿ ಕೆತ್ತೋದು. ಪ್ರೀತಿ ಹೇಳೋಕೆ, ಮಕ್ಕಳಿಗೆ ಬುದ್ಧಿ ಹೇಳೋಕೆ, ದೂರ ಹೋಗೋರನ್ನ ಬೀಳ್ಕೊಡೋಕೆ, ನೇರವಾಗಿ ಹೇಳೋಕೆ ಆಗದ್ದನ್ನೆಲ್ಲ ಅಂಬಾಹನ್‌ನಲ್ಲಿ ಹೇಳ್ತಾರೆ. ಆ ಲಿಪಿ ನಮ್ಮ ಕನ್ನಡ ಲಿಪಿ ತರಾನೇ ಬ್ರಾಹ್ಮಿ ಬಳ್ಳಿದು. ಒಂದು ಅಕ್ಷರ ಬರೆದ್ರೆ ಅದರಲ್ಲಿ "ಅ" ಸೇರಿಕೊಂಡೇ ಇರುತ್ತೆ, ಮೇಲೊಂದು ಗೀಟು ಹಾಕಿದ್ರೆ ಇ, ಕೆಳಗೊಂದು ಹಾಕಿದ್ರೆ ಉ, ನಮ್ಮ ಗುಣಿತ ಕಲಿತವರಿಗೆ ಅರ್ಧ ಗಂಟೆ ಕೆಲಸ. ಆದ್ರೆ ಹಳೇ ಪದ್ಧತೀಲಿ ಪದದ ಕೊನೆಯ ಅರ್ಧ ವ್ಯಂಜನ ಬರೆಯೋದೇ ಇಲ್ಲ. ಇದೇ ಬಳಗದ ಬೈಬಾಯಿನ್ ಅನ್ನೋ ಹಳೇ ಲಿಪೀಲೂ ಹಾಗೇ, ತಗಾಲೊಗ್‌ನ ಬುಂದೊಕ್, ಅಂದ್ರೆ ಬೆಟ್ಟ, ಬರೆದ್ರೆ ಕಾಣೋದು "ಬು ದೊ" ಅಷ್ಟೇ, ಉಳಿದಿದ್ದು ಓದೋರೇ ತುಂಬ್ಕೋಬೇಕು. ಭಾಷೆ ಗೊತ್ತಿಲ್ಲದವರು ಬರೀ ಲಿಪಿ ಕಲಿತ್ರೆ ಓದೋಕೆ ಆಗಲ್ಲ, ಇದು ನೆನಪಿರಲಿ.

ಇನ್ನು ಹೊಸ ಬರಹ. ಇಂಗ್ಲಿಷ್‌ನಲ್ಲಿ ಬರೆದ್ರೆ ಅದು ಪ್ರಾದೇಶಿಕ ಅಲ್ಲ ಅಂತ ತಳ್ಳಿ ಹಾಕಬೇಡಿ. ಮಾನುವೆಲ್ ಅರ್ಗಿಲ್ಯಾ ಇಲೊಕೊಸ್ ಕಡೆಯ ಲಾ ಯೂನಿಯನ್ ಪ್ರಾಂತ್ಯದವರು, 1911ರಲ್ಲಿ ಹುಟ್ಟಿ 1944ರಲ್ಲಿ ಜಪಾನಿ ಸೈನ್ಯದ ಕೈಲಿ ಪ್ರಾಣ ಕಳ್ಕೊಂಡ್ರು. ಅಣ್ಣ ಪಟ್ಟಣದ ಹುಡುಗೀನ ಮದುವೆಯಾಗಿ ಊರಿಗೆ ಕರ್ಕೊಂಡು ಬರೋ ಒಂದು ಸಣ್ಣ ಕಥೆ ಅವರದ್ದಿದೆ, ಒಂದೇ ಸಲಕ್ಕೆ ಓದಿ ಮುಗಿಸಬಹುದು. ಅಪ್ಪ ಕಿರಿ ಮಗನಿಗೆ ಹೇಳಿ ಕಳಿಸಿರ್ತಾನೆ, ಗಾಡಿನ ದೊಡ್ಡ ರಸ್ತೇಲಿ ತರಬೇಡ, ಗದ್ದೆ ನಡುವಿನ ದಾರೀಲಿ ತಗೊಂಡು ಬಾ ಅಂತ. ಲಬಾಂಗ್ ಅನ್ನೋ ಎತ್ತು, ಕತ್ತಲು, ಮಣ್ಣಿನ ವಾಸನೆ, ಮೇಲೆ ನಕ್ಷತ್ರ. ಸೊಸೆಗೆ ಈ ಊರು ಹಿಡಿಸುತ್ತಾ ಅನ್ನೋ ಪ್ರಶ್ನೆನ ಯಾರೂ ಬಾಯಿಬಿಟ್ಟು ಕೇಳಲ್ಲ, ದಾರಿನೇ ಕೇಳುತ್ತೆ.

ದೇಶಭಾಷೆಗಳಲ್ಲಿ ಬರೆದವರನ್ನ ಹುಡುಕೋಕೆ ಪತ್ರಿಕೆಗಳ ಹೆಸರು ತಿಳ್ಕೊಂಡಿರಿ, ಸೆಬುವಾನೊದಲ್ಲಿ 1930ರಿಂದ ಬಿಸಾಯಾ, ಇಲೊಕಾನೊದಲ್ಲಿ 1934ರಿಂದ ಬನ್ನಾವಗ್, ಅಂದ್ರೆ ಬೆಳಗಿನ ಜಾವ. ನಮ್ಮಲ್ಲಿ ವಾರಪತ್ರಿಕೆ ಧಾರಾವಾಹಿಗೆ ಮನೆಮಂದಿ ಕಾಯ್ತಿದ್ದ ಹಾಗೆ ಅಲ್ಲಿ ಇವಕ್ಕೆ ಕಾಯ್ತಿದ್ರು. ಪಲಾಂಕ ಅನ್ನೋ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಲ್ಲಿ ಸೆಬುವಾನೊ, ಹಿಲಿಗೈನೊನ್, ಇಲೊಕಾನೊ ಸಣ್ಣಕಥೆಗಳಿಗೆ ಬೇರೆ ವಿಭಾಗನೇ ಇದೆ, ಗೆದ್ದವರ ಹೆಸರು ಹಿಡಿದು ಅನುವಾದ ಹುಡುಕಿ. ಅನುವಾದ ಓದುವಾಗ ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ, ಅನುವಾದಕರು ಹಾಗೇ ಬಿಟ್ಟಿರೋ ಊರ ಪದಗಳನ್ನ ಬರ್ಕೊಳ್ಳಿ, ಆ ವಸ್ತುವಿನ ಫೋಟೊ ನೋಡಿ.

ಓದೋಕೆ ಟೈಮೇ ಇಲ್ಲ ಅನ್ನೋರು ಒಗಟಿಂದ ಶುರು ಮಾಡಿ. ತಗಾಲೊಗ್‌ನಲ್ಲಿ ಬುಗ್ತೊಂಗ್, ಸೆಬುವಾನೊದಲ್ಲಿ ತಿಗ್ಮೊ, ಇಲೊಕಾನೊದಲ್ಲಿ ಬುರ್ಬುರ್ತಿಯಾ, ಆ ಪದ ಹೇಳಿ ಒಂದು ಕೇಳಿ ಅಂದ್ರೆ ಸಾಕು. ಆ ಮನಿಲಾದ ಸಹೋದ್ಯೋಗಿ ನನಗೆ ಕೇಳಿದ ಮೊದಲನೇ ಒಗಟು ಇದು: ದ್ವೀಪದಲ್ಲಿದೆ ನನ್ನ ಹಂದಿ, ಮೈ ಕೂದಲೆಲ್ಲ ಮೊಳೆ. ನಾನು ಮುಳ್ಳುಹಂದಿ ಅಂದೆ. ಅವರು ಇಲ್ಲ ಅಂತ ತಲೆ ಆಡಿಸಿ, ನಿಮ್ಮೂರಲ್ಲೂ ಇದೆ, ಕಡೀವಾಗ ಕೈಗೆ ಎಣ್ಣೆ ಹಚ್ಕೊಳ್ಳಲ್ವಾ ಅಂದ್ರು.

ಹಲಸಿನ ಹಣ್ಣು.