ತಲೆಕಟ್ಟು ಕಳಚುವ ಉಸುಕಿನ ಅಕ್ಷರ: ನನ್ನ ಅನುಭವ

ತಲೆಕಟ್ಟು ಬೇರೆ, ಅಕ್ಷರದ ಮೈ ಬೇರೆ ಮಾಡಿ ಉಸುಕಿನ ಹಲಗೆ (ಮಗು ಬೆರಳಲ್ಲಿ ಸವರಿ ಕಲಿಯಲೆಂದು ಉಸುಕಿನಲ್ಲಿ ಅಕ್ಷರ ಮೂಡಿಸಿದ ಹಲಗೆ) ತಯಾರಿಸ್ತೀನಿ ಅಂದಾಗ ನನ್ನ ಜೊತೆ ಮಾಂಟೆಸ್ಸರಿ (ಮಕ್ಕಳು ಸಾಮಗ್ರಿ ಮುಟ್ಟಿ, ಜೋಡಿಸಿ ತಾವೇ ಕಲಿಯುವ ಪದ್ಧತಿ) ತರಬೇತಿ ಮುಗಿಸಿದ ಗೆಳತಿಯರೇ ನಕ್ಕಿದ್ದರು. "ಹುಡುಗರ ತಲಿ ಕೆಡ್ತೈತಿ, ಸುಮ್ನ ಅಂಗಡಿ ಸೆಟ್ ತಗೊ" ಅಂತ ಬುದ್ಧಿವಾದ ಬೇರೆ. ಈಗ ಅವರಲ್ಲೇ ಇಬ್ಬರು ಹಲಗೆಯ ಅಳತೆ ಕೇಳಿ ಫೋನ್ ಮಾಡಿದ್ದಾರೆ. ಸರಿ, ಎಲ್ಲರಿಗೂ ಒಂದೇ ಸಲ ಬರೆದುಬಿಡ್ತೀನಿ.

ಬಾಗಲಕೋಟೆ ನವನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಡೆಯುವ ಮಾಂಟೆಸ್ಸರಿ ಶಾಲೆ, 20ರ ಆಸುಪಾಸು ಮಕ್ಕಳು. ಪೂರ್ತಿ ಸಾಮಗ್ರಿಗೆ ದರಪಟ್ಟಿ ತರಿಸಿದರೆ ಲಕ್ಷ ದಾಟಿತ್ತು. ಕೈಯಲ್ಲಿದ್ದ ರೊಕ್ಕ ಅದರ ಮೂರನೇ ಒಂದು ಪಾಲೂ ಇಲ್ಲ. ಗುಲಾಬಿ ಗೋಪುರವನ್ನು (ದೊಡ್ಡದರ ಮೇಲೆ ಚಿಕ್ಕದು ಇಡುತ್ತ ಕಟ್ಟುವ ಕಟ್ಟಿಗೆ ಘನಗಳು) ಬಡಿಗೇರರಿಗೆ ಕೊಟ್ಟೆ. 1 ಸೆಂ.ಮೀ.ಯಿಂದ 10ರವರೆಗೆ ಹತ್ತು ಘನ, ಅದರಲ್ಲೇನು ಬ್ರಹ್ಮವಿದ್ಯೆ ಅಂತ ಅವರೂ ಹೂಂ ಅಂದರು. ಬಂದದ್ದು ಹಸಿ ಕಟ್ಟಿಗೆ. ಏಪ್ರಿಲ್ ಬಿಸಿಲಿಗೆ ಒಣಗಿ ಸೊಟ್ಟಗಾಗಿ, ಸರಿಯಾಗಿ ಜೋಡಿಸಿದರೂ ಗೋಪುರ ಓಲಾಡತೊಡಗಿತು. ತಪ್ಪು ಮಗುವಿನದೋ ಕಟ್ಟಿಗೆಯದೋ ಗೊತ್ತಾಗದಿದ್ದರೆ ಆ ಸಾಮಗ್ರಿ ಇಟ್ಟೇನು ಉಪಯೋಗ? ಎರಡು ಸಾವಿರದ ಚಿಲ್ಲರೆ ನೀರಿಗೆ ಹೋಯಿತು. ಆಮೇಲೆ ಮುಳುಗಡೆಯಾದ ಹಳೇ ಬಾಗಲಕೋಟೆ ಮನೆಯೊಂದರ ಸಾಗವಾನಿ ತೊಲೆಯ ತುಂಡು ಸಿಕ್ಕಿತು. ಅದರಲ್ಲಿ ಮಾಡಿಸಿದ್ದು ಇಂದಿಗೂ ಕಲ್ಲಿನಂತಿದೆ. ಗುಬಟಿ ಸಿಲಿಂಡರ್ (ಹಿಡಿ ಇರುವ ಕಟ್ಟಿಗೆ ಸಿಲಿಂಡರುಗಳು, ಒಂದೊಂದನ್ನೂ ಅದರದೇ ತೂತಿಗೆ ಕೂಡಿಸಬೇಕು) ಮಾತ್ರ ಊರಲ್ಲಿ ಮಾಡಿಸಬೇಡಿ, ಕೊಂಡುಕೊಳ್ಳಿ. ತೂತಿನ ಅಳತೆ ತಪ್ಪಿ ತೀರ ಸಡಿಲಾದರೆ ಪಕ್ಕದ ಸಿಲಿಂಡರ್ ಅದರಲ್ಲಿ ಕೂತುಬಿಡುತ್ತದೆ, ಅಲ್ಲಿಗೆ ಪಾಠ ಮುಗೀತು.

ಇನ್ನು ಅಕ್ಷರ. ಉಸುಕು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸುವುದು ಇಂಗ್ಲಿಷಿಗೆ ಸರಿ, ನಮ್ಮ ಳ, ಣ, ಕ್ಷಗಳ ತಿರುವಿಗೆ ಎರಡು ಕತ್ತರಿ ಮೊಂಡಾದವು. ಅಂಟು ಬಳಿದು ಉಸುಕು ಉದುರಿಸುವ ದಾರಿ ಹಿಡಿದೆ. ಮೈದಾ ಅಂಟಿಗೆ ಇರುವೆ ಮುತ್ತಿದವು. ಫೆವಿಕಾಲ್ ಹಿಡಿಯಿತು, ಆದರೆ ತಿಂಗಳೊಪ್ಪತ್ತಿನಲ್ಲಿ ಮಕ್ಕಳ ಬೆರಳಿಗೆ ಉಸುಕು ಉದುರಿತು. ಈಗ ಅದಕ್ಕೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ, ಎರಡು ವರ್ಷದಿಂದ ಒಂದು ಕಾಳೂ ಬಿದ್ದಿಲ್ಲ. ಅದೇನು ಅಂತ ಮಾತ್ರ ಕೇಳಬೇಡಿ. ಉಸುಕು ಘಟಪ್ರಭೆಯದು, ಮೂರು ಸಲ ತೊಳೆದು, ಹಿಟ್ಟಿನ ಸಾಣಿಗೆಯಲ್ಲಿ ಸೋಸಿದ್ದು. ಬೆರಳು ಎಲ್ಲಿಂದ ಹೊರಡಬೇಕೋ ಅಲ್ಲೊಂದು ಕೆಂಪು ಟಿಕಳಿ. ಹಲಗೆಗೆ ಅಂದಾಜು 15–20 ರೂಪಾಯಿ ಬಿತ್ತು.

ಹಲಗೆಯ ಬಣ್ಣ ಮಾಂಟೆಸ್ಸರಿ ರೂಢಿಯಂತೆಯೇ: ಸ್ವರ ನೀಲಿ, ವ್ಯಂಜನ ಗುಲಾಬಿ. ತೊಡಕು ಬಂದದ್ದು ಕಾಗುಣಿತದಲ್ಲಿ. ಮೊದಲು ಪಾರದರ್ಶಕ ಹಾಳೆಯ ಮೇಲೆ ಗುಡಿಸು ಬರೆದು ಗ ಮೇಲೆ ಇಟ್ಟೆ. ತಲೆಕಟ್ಟೂ ಕಾಣುತ್ತದೆ, ಗುಡಿಸೂ ಕಾಣುತ್ತದೆ, ಎರಡೂ ಸೇರಿ ಕಲಸುಮೇಲೋಗರ. ಮಗು ಅದನ್ನು ನೋಡಿ ಬರೆದರೆ ಗ ತಲೆಯ ಮೇಲೆ ಎರಡೆರಡು ಟೊಪ್ಪಿಗೆ! ಗುಡಿಸು, ಎತ್ವ ಬಂದರೆ ತಲೆಕಟ್ಟು ಹೋಗಬೇಕು, ಕೊಂಬು ಬಂದರೆ ಇರಬೇಕು. ಇದನ್ನು ಬಾಯಲ್ಲಿ ಹೇಳಿ ನಾಲ್ಕು ವರ್ಷದ ಮಗುವಿಗೆ ತಿಳಿಸಲಾದೀತೇ? ಕೈಗೇ ತಿಳಿಯಬೇಕು. ಅದಕ್ಕೆ ತಲೆಕಟ್ಟನ್ನು ಬೇರೆ ತುಂಡು ಮಾಡಿ, ಚಪ್ಪಲಿಗೆ ಹಾಕುವ ವೆಲ್ಕ್ರೋ ಪಟ್ಟಿಯಲ್ಲಿ ಕೂಡಿಸಿದೆ. ಗುಣಿತದ ತುಂಡುಗಳಿಗೆಲ್ಲ ಹಸಿರು ಬಣ್ಣ.

ಅಕ್ಷರದ ಕ್ರಮ ಸರಕಾರಿ ಶಾಲೆಯದೇ: ರ, ಗ, ಸ, ದ, ಅ. ಮೊದಲ ನಾಲ್ಕಕ್ಕೂ ತಲೆಕಟ್ಟಿದೆ, ನನಗೆ ಅದೇ ಬೇಕಾಗಿತ್ತು. ತಲೆಕಟ್ಟೇ ಇಲ್ಲದ ಜ, ಬ, ಲ, ಣಗಳನ್ನು ಕೈ ಪಳಗಿದ ಮೇಲೆ ಕೊಡುತ್ತೇನೆ. ತಲೆಕಟ್ಟು ತೆಗೆದ ರ ನೋಡಿ ಒಬ್ಬ "ಸೊನ್ನಿ ಐತ್ರಿ" ಅಂದ, ಅವನದೇನೂ ಸುಳ್ಳಲ್ಲ. ಪಾಲಕರದ್ದು ಬೇರೆಯೇ ರಗಳೆ. "ಟೀಚರ್ರ, ಅ ಆ ಇ ಈ ಬಿಟ್ಟು ಇದೇನ್ರಿ? ಕೂಡ್ಸೂದು ಕಳಚೂದು ಮನ್ಯಾಗೂ ಮಾಡ್ತಾನ, ಅದಕ್ಕ ಫೀ ಯಾಕ?" ಆ ವರ್ಷ ನಾಲ್ಕು ಮಕ್ಕಳು ಬಿಟ್ಟುಹೋದರು. ಬಾಡಿಗೆಗೆ ತವರಿನ ರೊಕ್ಕ ಹಾಕಿದೆ.

ದೀಪಾವಳಿ ರಜೆ ಮುಗಿದ ಮೇಲೆ ಒಬ್ಬಳು, ನಾಲ್ಕೂವರೆ ವರ್ಷದವಳು, ಚಾಪೆ ಹಾಸಿ ಗ ಹಲಗೆ ಇಟ್ಟುಕೊಂಡಳು. ಚರ್ ಅಂತ ತಲೆಕಟ್ಟು ಕಿತ್ತಳು, ಗುಡಿಸು ಕೂಡಿಸಿದಳು, ಎರಡು ಬೆರಳಲ್ಲಿ ಸವರಿದಳು. "ಗಿ! ಗಿಣಿ ಗಿ!" ಅಂತ ಕಿರುಚಿದಳು. ನಾನು ಆ ಜೋಡಣೆ ತೋರಿಸಿರಲೇ ಇಲ್ಲ. ಅವತ್ತೇ ರಿ, ಸಿ, ದಿ ಮೂರನ್ನೂ ತಾನೇ ಮಾಡಿದಳು, ಪಕ್ಕದವನಿಗೂ ಕಲಿಸಿದಳು.

ಇದರ ನಡುವೆ, ಕಣ್ಣು ಕಟ್ಟಿಕೊಂಡು ಮುಟ್ಟಿಯೇ ಬಟ್ಟೆ ಗುರುತಿಸುವ ಬಟ್ಟೆ ಡಬ್ಬಿಯನ್ನೂ ನಮ್ಮದನ್ನಾಗಿ ಮಾಡಿಕೊಂಡೆ. ದರ್ಜಿ ಅಂಗಡಿಯ ಚಿಂದಿ: ಗುಳೇದಗುಡ್ಡ ಖಣ, ಇಳಕಲ್ ಸೆರಗಿನ ಚೂರು, ಜೊತೆಗೆ ಕಂಬಳಿ, ಗೋಣಿ. ಖರ್ಚು ಸೊನ್ನೆ. ಕಣ್ಣು ಕಟ್ಟಿದರೂ ಖಣದ ಉಲ್ಟಾ-ಸುಲ್ಟಾ ಹೇಳುವವರು ನಮ್ಮಲ್ಲಿ ಮೂರ್ನಾಲ್ಕು ಮಂದಿ ಇದ್ದಾರೆ. ಎಣಿಕೆ ಕಲಿಸುವ ಸಾವಿರದ ಘನವನ್ನು (ಸಾವಿರ ಮಣಿ ಸೇರಿಸಿ ಕಟ್ಟಿದ ಘನ) ಹುಣಸೆ ಬೀಜದಲ್ಲಿ ಮಾಡಹೋದದ್ದು ಮಾತ್ರ ಫಜೀತಿ. ಒಂದು ಬೀಜ ಇನ್ನೊಂದರ ಹಾಗಿರಬೇಕಲ್ಲ!

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ಐದು ದಾಟಿದವರಲ್ಲಿ ಹೆಚ್ಚಿನವರು ಬಸ್ಸಿನ ಬೋರ್ಡು ಓದುತ್ತಿದ್ದರು. ಬಾದಾಮಿ, ಬೀಳಗಿ ಸರಾಗ. ಫೀ ಯಾಕೆ ಅಂದಿದ್ದ ಪಾಲಕರು ಈಗ ಎರಡನೇ ಮಗುವನ್ನೂ ಕರೆತಂದಿದ್ದಾರೆ. ಆದರೆ ಗುಳೇದಗುಡ್ಡ ಬಂದರೆ ಎಲ್ಲರೂ "ಗುಳೇದಗುಡ" ಅಂತಲೇ ನಿಲ್ಲುತ್ತಾರೆ. ಒತ್ತಕ್ಷರಕ್ಕೆ ಹಲಗೆಯ ಕೆಳಗೆ ಕೊಕ್ಕೆ ಹಾಕಿ ನೋಡಿದೆ, ತೂಗಾಡಿ ಬೆರಳು ಜಾರುತ್ತದೆ. ಆಯಸ್ಕಾಂತದ ತಗಡು ಹೇಳಿಟ್ಟಿದ್ದೇನೆ, ಜೂನಿನೊಳಗೆ ಬರಬೇಕು.